ಹೆದ್ದಾರಿಗಳು ಕೂಡುವಲ್ಲಿ ಒಂದು ಅಗಸಿ

ತುಂಗಭದ್ರೆಯ ದಂಡೆಯಲ್ಲಿ ಅಶೋಕನ ಶಾಸನ, ಹಂಪಿಯಲ್ಲಿ ಬಾಗಿ ನಿಂತ ಮಹಾದ್ವಾರ, ಬಳ್ಳಾರಿಯ ಗುಡ್ಡದ ಮೇಲೆ ಕೋಟೆ: ದಾರಿಗೂ ಬಾಗಿಲಿಗೂ ಇಷ್ಟು ದೊಡ್ಡ ಪರಂಪರೆಯುಳ್ಳ ಸೀಮೆಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುವ ಸ್ಥಳ ಹೇಗಿರಬೇಕು? ಕಮಾನು ಕಟ್ಟುವುದಕ್ಕೆ ಮೊದಲು ನೋಟವನ್ನೂ ನೀರನ್ನೂ ನೆರಳನ್ನೂ ಕೇಳೋಣ.

ಮೃಗಶಿರೆಯ ಮೊದಲ ಮಳೆ ಬಿದ್ದು, ಬೇಸಿಗೆಯುದ್ದಕ್ಕೂ ಬಾಯ್ದೆರೆದಿದ್ದ ಎರೆನೆಲದ ಬಿರುಕುಗಳು ಮೆಲ್ಲಗೆ ಕೂಡಿಕೊಳ್ಳತೊಡಗಿದ ಮುಂಜಾವಿನಲ್ಲಿ, ಸಿರುಗುಪ್ಪದಿಂದ ಬಳ್ಳಾರಿಯ ಕಡೆಗೆ ಹರಿಯುವ ಹೆದ್ದಾರಿಯನ್ನು ನೋಡಬೇಕು. ಅಕ್ಕಿ ಗಿರಣಿಗಳಿಂದ ಹೊರಟ ಲಾರಿಗಳು, ರಸ್ತೆಯ ಅಗಲವನ್ನೆಲ್ಲ ತಾವೇ ತುಂಬಿಕೊಂಡಂತೆ ತೋರುವ ಒಣಹುಲ್ಲಿನ ಟ್ರ್ಯಾಕ್ಟರುಗಳು, ಕೂಲಿಯಾಳುಗಳು ಅಂಚಿನವರೆಗೂ ಕುಳಿತ ಟಂಟಂಗಳು, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು, ಇವೆಲ್ಲದರ ನಡುವೆ ಕಂಬಳಿ ಹೊದ್ದ ಕುರಿಗಾಹಿಯೊಬ್ಬನ ಹಿಂದೆ ತಲೆ ತಗ್ಗಿಸಿ ಸಾಗುವ ನೂರಾರು ಕುರಿಗಳ ಹಿಂಡು.

ಗದ್ದೆಯಲ್ಲಿ ಹಿಂಡು ತರುಬಿಸಿ ಗೊಬ್ಬರ ಮಾಡಿಸುವ ಈ ಭತ್ತದ ಸೀಮೆಯಲ್ಲಿ ಕುರಿಗೂ ಹೆದ್ದಾರಿಯ ಮೇಲೆ ಹಕ್ಕುಂಟು. ಚಾಲಕರು ಅದನ್ನು ಬಲ್ಲರು. ಹಾರ್ನ್ ಹೊಡೆಯುತ್ತಾರೆ, ಆದರೆ ಕಾಯುತ್ತಾರೆ.

ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ಉತ್ತರದಲ್ಲಿ ಜೇವರ್ಗಿಯ ಬಳಿ ಹುಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು, ತುಂಗಭದ್ರೆಯನ್ನು ದಾಟಿ ಸಿರುಗುಪ್ಪಕ್ಕೆ ಬಂದು, ತೆಕ್ಕಲಕೋಟೆಯ ಮೂಲಕ ಬಳ್ಳಾರಿಯನ್ನು ತಲಪಿ, ಅಲ್ಲಿಂದ ಹಿರಿಯೂರು, ಮೈಸೂರುಗಳ ದಾರಿಯಾಗಿ ಚಾಮರಾಜನಗರದವರೆಗೆ ನಾಡಿನ ಉದ್ದವನ್ನೆಲ್ಲ ಅಳೆಯುವ ರಸ್ತೆ ಇದು. ಕೃಷ್ಣಪಟ್ಟಣದ ಬಂದರಿನಿಂದ ಹೊರಟು ಗುತ್ತಿ, ಗುಂತಕಲ್ಲುಗಳನ್ನು ದಾಟಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 67 ನಾಡಿನ ಅಗಲವನ್ನು ಅಳೆಯುತ್ತದೆ. ಉದ್ದವೂ ಅಗಲವೂ ಬಳ್ಳಾರಿಯಲ್ಲಿ ಕೂಡುತ್ತವೆ.

ಸಿರುಗುಪ್ಪದ ನೆರೆಯ ದೇಶನೂರಿನಲ್ಲಿ ಇಂಥ ಮಹಾಸಂಧಿಯೇನೂ ಇಲ್ಲ. ಆದರೆ ಸಂಧಿಯ ಮೇಲೆ ಬೀಳುವ ಭಾರ ಹುಟ್ಟುವುದು ಇಂಥ ಊರುಗಳಲ್ಲಿಯೇ. ದೇಶನೂರಿನ ಹೆಸರನ್ನು ಹೊತ್ತ ಕಾಲುವೆ ವಿಜಯನಗರದ ಅರಸರ ಕಾಲದ್ದು. ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನಿಟ್ಟು ತೋಡಿದ ರಾಯ, ಬಸವಣ್ಣ, ತುರ್ತು, ಕಂಪ್ಲಿ, ಸಿರುಗುಪ್ಪ ಮೊದಲಾದ ಕಾಲುವೆಗಳ ಸಾಲಿಗೆ ಅದೂ ಸೇರಿದೆ. ಆ ನೀರಿನಿಂದ ಭತ್ತ ಬಂತು, ಕಬ್ಬು ಬಂತು, ಊರಿಗೆ ಸಕ್ಕರೆ ಕಾರ್ಖಾನೆ ಬಂತು. ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳ ಸಾಲೂ ಬಂತು. ಐದು ಶತಮಾನಗಳ ಹಿಂದೆ ಹರಿದ ನೀರು ಇಂದು ಚಕ್ರಗಳ ಮೇಲೆ ಹೆದ್ದಾರಿಗೆ ಇಳಿಯುತ್ತಿದೆ.

ಹಿಂದೆ ಊರಿಗೆ ಅಗಸಿ ಬಾಗಿಲು ಇತ್ತು. ಬಂದವನನ್ನು ಅದು ನಿಧಾನಿಸುತ್ತಿತ್ತು, ಯಾವ ಊರಿಗೆ ಬಂದಿರುವೆನೆಂಬುದನ್ನು ಹೇಳುತ್ತಿತ್ತು, ಕಟ್ಟೆಯಲ್ಲಿ ಕುಳ್ಳಿರಿಸಿ ನೆರಳನ್ನೂ ನೀರನ್ನೂ ಕೊಡುತ್ತಿತ್ತು. ಕೋಟೆಗಳು ಬಿದ್ದು, ಪೇಟೆಗಳು ಬೆಳೆದು, ಬೈಪಾಸುಗಳು ಬಂದ ಮೇಲೆ ಊರಿನ ಅಗಸಿ ಹೆದ್ದಾರಿಗಳು ಕೂಡುವ ಸ್ಥಳಕ್ಕೆ ಸರಿದಿದೆ. ಮೇಲ್ಸೇತುವೆ, ಸುತ್ತುದಾರಿ, ಸರ್ವಿಸ್ ರಸ್ತೆಗಳನ್ನು ವಿನ್ಯಾಸ ಮಾಡುವವರು ಆ ಮೂರು ಹಳೆಯ ಕರ್ತವ್ಯಗಳನ್ನೂ ತಮ್ಮ ನಕ್ಷೆಯಲ್ಲಿ ಸೇರಿಸಿಕೊಳ್ಳಬೇಕೆಂಬುದೇ ಈ ಲೇಖನದ ವಾದ.

ಬಾಗಿಲು ಬಾಗಿದ್ದೇಕೆ?

ಹಂಪಿಗೆ ಹೋದವರು ವಿರೂಪಾಕ್ಷನನ್ನೂ ವಿಠಲನ ಕಲ್ಲಿನ ರಥವನ್ನೂ ನೋಡಿ ಹಿಂದಿರುಗುತ್ತಾರೆ. ಮಹಾದ್ವಾರಗಳ ಎದುರು ನಿಲ್ಲುವವರು ವಿರಳ. ಭೀಮನ ಬಾಗಿಲಿನಲ್ಲಿ ಪ್ರವೇಶ ನೇರವಾಗಿಲ್ಲ. ಒಳಹೊಕ್ಕವನು ಗೋಡೆಯನ್ನೆದುರಿಸಿ ತಿರುಗಬೇಕು, ಮತ್ತೆ ತಿರುಗಬೇಕು. ಶತ್ರುವಿನ ಕುದುರೆಯ ವೇಗವನ್ನೂ ಆನೆಯ ಆಘಾತವನ್ನೂ ಮುರಿಯುವುದಕ್ಕಾಗಿ ಹೂಡಿದ ಉಪಾಯವದು. ಆದರೆ ಶಾಂತಿಕಾಲದಲ್ಲಿ ಅದೇ ತಿರುವು ಬೇರೊಂದು ಫಲವನ್ನು ಕೊಡುತ್ತಿತ್ತು. ನಿಧಾನಿಸಿದವನ ಕಣ್ಣಿಗೆ ಸೌಗಂಧಿಕಾ ಪುಷ್ಪವನ್ನು ತಂದ ಭೀಮನೂ, ಕೀಚಕವಧೆಯೂ ಕಲ್ಲಿನಲ್ಲಿ ಕಾಣುತ್ತಿದ್ದವು. ಶಿಲ್ಪವನ್ನು ಓಡುವವರಿಗಾಗಿ ಯಾರೂ ಕಡೆಯಲಿಲ್ಲ. ಎಲ್ಲಿ ನಡಿಗೆ ತಾನಾಗಿ ನಿಧಾನವಾಗುವುದೋ ಅಲ್ಲಿಯೇ ಇಟ್ಟರು.

ನಮ್ಮ ಹೆದ್ದಾರಿಗಳಲ್ಲಿ ಈ ವಿವೇಕ ತಲೆಕೆಳಗಾಗಿದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ವಾಹನಗಳು ಓಡುವಲ್ಲಿ ಸೂಕ್ಷ್ಮವಾದ ಭಿತ್ತಿಚಿತ್ರಗಳನ್ನು ಬರೆಯಿಸುತ್ತೇವೆ. ವಾಹನಗಳು ಇಳಿದು ನಿಧಾನಿಸುವ ಸರ್ವಿಸ್ ರಸ್ತೆಯ ತಿರುವಿನಲ್ಲಿ, ಅಂಡರ್‌ಪಾಸಿನ ಬಾಯಲ್ಲಿ, ಜನರು ಬಸ್ಸಿಗೆ ಕಾಯುವ ಕಡೆಯಲ್ಲಿ ಹಾಳು ಸಿಮೆಂಟಿನ ಗೋಡೆಯನ್ನು ಬಿಡುತ್ತೇವೆ. ಬಳ್ಳಾರಿ ಸೀಮೆಯ ಕಥೆಯನ್ನು ಕಲ್ಲಿನಲ್ಲಿ ಹೇಳುವುದಾದರೆ ಅದಕ್ಕೆ ತಕ್ಕ ಸ್ಥಳ ಕೆಳಗಿನ ಗೋಡೆಗಳೇ. ಮೇಲೆ ಓಡುವವನಿಗೆ ದೊಡ್ಡ ಆಕಾರಗಳು ಸಾಕು: ಒಂದು ಬಂಡೆಯ ರಾಶಿ, ಒಂದು ಮರಗಳ ಗುಂಪು, ದೂರದಲ್ಲಿ ಕೋಟೆಯ ಗುಡ್ಡ.

> ಕುದುರೆಗಲ್ಲುಗಳು
> 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ನಗರದ ಏಳು ಸುತ್ತಿನ ಕೋಟೆಯನ್ನು ವರ್ಣಿಸುತ್ತ, ಹೊರವಲಯದಲ್ಲಿ ಆಳೆತ್ತರದ ಕಲ್ಲುಗಳನ್ನು ಅರ್ಧ ನೆಲದಲ್ಲಿ ಹೂತು ಒತ್ತೊತ್ತಾಗಿ ನಿಲ್ಲಿಸಿದ್ದನ್ನು ದಾಖಲಿಸಿದ್ದಾನೆ. ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ಮುನ್ನುಗ್ಗದಂತೆ ತಡೆಯುವುದು ಅವುಗಳ ಉದ್ದೇಶ. ಇಂಥ ಕಲ್ಲುಸಾಲುಗಳ ಅವಶೇಷಗಳು ಹಂಪಿಯ ಕೋಟೆಗೋಡೆಗಳ ಹೊರಗೆ ಇಂದಿಗೂ ಇವೆ.

ಹಂಪಿ ನಮಗೆ ಮತ್ತೊಂದು ಕಠಿಣ ಪಾಠವನ್ನೂ ಕಲಿಸಿದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರವನ್ನು 1999ರಲ್ಲಿ ಯುನೆಸ್ಕೋ ಅಪಾಯದ ಪಟ್ಟಿಗೆ ಸೇರಿಸಿತು. ಕಾರಣ, ಸಂರಕ್ಷಿತ ಭೂದೃಶ್ಯದ ನಡುವೆ ಕಟ್ಟತೊಡಗಿದ್ದ ತೂಗುಸೇತುವೆಗಳು. 2006ರಲ್ಲಿ ಆ ಕಳಂಕ ಕಳೆಯಿತು. ತಳವಾರಘಟ್ಟ ಮತ್ತು ಆನೆಗೊಂದಿಗಳ ನಡುವೆ ನದಿಗೆ ಕಟ್ಟುತ್ತಿದ್ದ ವಾಹನಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದು ದುಡಿಯುತ್ತಿದ್ದವರು ಪ್ರಾಣ ತೆತ್ತರು. ಆ ದಡದ ಹಳ್ಳಿಗಳಿಗೆ ಸೇತುವೆಯ ಅಗತ್ಯ ನಿಜವಾಗಿತ್ತು. ಆದರೆ ಎಲ್ಲಿ, ಯಾವ ಎತ್ತರದಲ್ಲಿ, ಯಾವ ನೋಟಕ್ಕೆ ಅಡ್ಡಲಾಗಿ ಎಂಬ ಪ್ರಶ್ನೆಗಳನ್ನು ಕಾಮಗಾರಿ ಅರ್ಧ ಮುಗಿದ ಮೇಲೆ ಕೇಳಿದರೆ ನೆಲವೂ ಸೋಲುತ್ತದೆ, ಜನವೂ ಸೋಲುತ್ತಾರೆ.

ಫ್ರೆಂಚ್ ಎಂಜಿನಿಯರ್ ಮರೆತ ನೋಟ

ಬಳ್ಳಾರಿಯ ಕೋಟೆಯನ್ನು ಕುರಿತು ಮಕ್ಕಳಿಗೂ ತಿಳಿದಿರುವ ಐತಿಹ್ಯವೊಂದಿದೆ. ಹಂಡೆ ಹನುಮಪ್ಪ ನಾಯಕನ ಮೇಲುಕೋಟೆಯನ್ನು 1769ರಲ್ಲಿ ವಶಪಡಿಸಿಕೊಂಡ ಹೈದರಾಲಿ, ಫ್ರೆಂಚ್ ಎಂಜಿನಿಯರನೊಬ್ಬನ ಕೈಯಿಂದ ಅದನ್ನು ಬಲಪಡಿಸಿ ಕೆಳಕೋಟೆಯನ್ನು ಕಟ್ಟಿಸಿದ. ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆಯೆಂಬುದು, ಅಲ್ಲಿಂದ ಶತ್ರು ಫಿರಂಗಿ ಹೂಡಿದರೆ ಕೋಟೆ ತೆರೆದ ಅಂಗೈಯಾಗುವುದೆಂಬುದು ಗೋಚರಿಸಿತಂತೆ. ಆ ಎಂಜಿನಿಯರನನ್ನು ಕೋಟೆಯ ಬಾಗಿಲಿನಲ್ಲಿಯೇ ಗಲ್ಲಿಗೇರಿಸಿದರೆಂದು ಜನ ಹೇಳುತ್ತಾರೆ.

ಕಥೆ ಎಷ್ಟು ನಿಜವೋ, ಅದರ ಒಳಗಿರುವ ಎಚ್ಚರ ಪೂರ್ತಿ ನಿಜ: ಬಾಗಿಲನ್ನು ಕಟ್ಟುವವನು ಅಲ್ಲಿಂದ ಏನು ಕಾಣುತ್ತದೆ, ಎಲ್ಲಿಂದ ಅದು ಕಾಣುತ್ತದೆ ಎಂಬುದನ್ನು ಮೊದಲು ಅಳೆಯಬೇಕು.

ಹೆದ್ದಾರಿಯ ಸಂಧಿಯಲ್ಲಿ ಈ ಅಳತೆ ಜೀವ-ಮರಣಗಳ ಪ್ರಶ್ನೆ. 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಗಳ ಮಾನಕಗಳನ್ನು ಗೊತ್ತುಮಾಡುವಾಗ ಚಾಲಕನ ಕಣ್ಣು ನೆಲದಿಂದ 1.2 ಮೀಟರು ಎತ್ತರದಲ್ಲಿರುವುದೆಂದೂ, ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ 2.5 ಸೆಕೆಂಡು ಹಿಡಿಯುವುದೆಂದೂ ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಆ ಎರಡೂವರೆ ಸೆಕೆಂಡಿನಲ್ಲಿಯೇ ವಾಹನ ಸುಮಾರು 55 ಮೀಟರು ಮುಂದೆ ಹೋಗಿರುತ್ತದೆ; ಪೂರ್ತಿ ನಿಲ್ಲಲು 120 ಮೀಟರು ಬೇಕು. ವೇಗ 100 ಆದರೆ ಬೇಕಾದದ್ದು 180 ಮೀಟರು.

ಎಂದಮೇಲೆ ಎರಡು ದಾರಿಗಳು ಬೆರೆಯುವ ಮೂಲೆಯಲ್ಲಿ ಅಂದಕ್ಕೆಂದು ನೆಟ್ಟ ದಟ್ಟ ಪೊದೆಯೊಂದು ಅಷ್ಟು ದೂರದ ನೋಟವನ್ನು ಮುಚ್ಚಿದರೆ, ಅದು ತೋಟಗಾರಿಕೆಯ ಹೆಸರಿನಲ್ಲಿ ಹೂಡಿದ ಹೊಂಚು. ಬೆರೆಯುವ ಮೂಲೆಯಲ್ಲಿ ಮೊಣಕಾಲೆತ್ತರವನ್ನು ಮೀರದ ಗಿಡಗಳಿರಲಿ. ಸುತ್ತುದಾರಿಯ ಹೊರ ಅಂಚಿನಲ್ಲಿ, ತಿರುವಿನ ಆಕಾರ ದೂರದಿಂದಲೇ ಚಾಲಕನಿಗೆ ತಿಳಿಯುವಂತೆ, ರಸ್ತೆಯಿಂದ ಸಾಕಷ್ಟು ಹಿಂದೆ ಸರಿದು ಎತ್ತರದ ಮರಗಳು ಕಮಾನಾಗಿ ನಿಲ್ಲಲಿ. ನಡುವಿನ ಡಿವೈಡರಿನಲ್ಲಿ ಕಣಗಿಲೆಯನ್ನು ನೆಡುವುದಕ್ಕೂ ಇಂಥದೇ ಕಾರಣವಿದೆ: ಎದುರಿನ ದೀಪದ ಝಳವನ್ನು ಅದು ತಡೆಯುತ್ತದೆ, ಧೂಳನ್ನೂ ಬರವನ್ನೂ ಸಹಿಸುತ್ತದೆ, ವಿಷವುಳ್ಳ ಎಲೆಯಾದುದರಿಂದ ದನಗಳು ಮೇಯುವುದಿಲ್ಲ.

ಸುತ್ತುದಾರಿಯ ಒಳಗಿನ ಎಕರೆಗಳು

ಇಂಟರ್‌ಚೇಂಜಿನ ನಕ್ಷೆಯನ್ನು ನೋಡಿದವರ ಗಮನ ರಸ್ತೆಯ ಗೆರೆಗಳ ಮೇಲೆ ನಿಲ್ಲುವುದು ಸಹಜ. ನನ್ನ ಮನಸ್ಸು ಗೆರೆಗಳ ನಡುವೆ ಸಿಕ್ಕಿಬಿದ್ದ ನೆಲದ ಮೇಲೆ ನಿಲ್ಲುತ್ತದೆ.

60 ಮೀಟರು ತ್ರಿಜ್ಯದ ಒಂದು ಸುತ್ತುದಾರಿ ತನ್ನೊಳಗೆ ಹಿಡಿದಿಡುವ ನೆಲ ಎರಡೂವರೆ ಎಕರೆಗೂ ಮಿಗಿಲು. ನಾಲ್ಕು ಎಸಳಿನ ಸಂಧಿಯಾದರೆ ಅಂಥ ನಾಲ್ಕು ತುಂಡುಗಳು ಸೇರಿ ಸುಮಾರು ಹನ್ನೊಂದು ಎಕರೆಯಾಗುತ್ತದೆ. ಸಿರುಗುಪ್ಪದ ಕಡೆಯ ನೀರಾವರಿ ಸೀಮೆಯಲ್ಲಿ ಹನ್ನೊಂದು ಎಕರೆಯೆಂದರೆ ಹಲವು ಮನೆತನಗಳ ಅನ್ನ. ಸಾರ್ವಜನಿಕ ಉದ್ದೇಶಕ್ಕೆಂದು ಬಿಟ್ಟುಕೊಟ್ಟ ಆ ಭೂಮಿ ಬಾಟಲಿ, ಪ್ಲಾಸ್ಟಿಕ್, ಕಟ್ಟಡದ ಕಸಗಳ ತಿಪ್ಪೆಯಾಗಿ ಬಿದ್ದಿರುವುದನ್ನು ನೋಡಿ ಸುಮ್ಮನಿರುವುದು ಕೊಟ್ಟವರಿಗೆ ಮಾಡುವ ಅವಮಾನ.

ಆ ನೆಲ ಮಾಡಬಹುದಾದ ಮೊದಲ ಕೆಲಸ ನೀರು ಹಿಡಿಯುವುದು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು; ಒಂದು ಹೆಕ್ಟೇರು ನೆಲದ ಮೇಲೆ ಅದು 50 ಲಕ್ಷ ಲೀಟರು ನೀರಾಗುತ್ತದೆ. ಬೀಳುವುದೋ ಕೆಲವೇ ದಿನಗಳ ಅಬ್ಬರದಲ್ಲಿ. ಡಾಂಬರು ಅದನ್ನು ಕುಡಿಯದು. ಎರೆನೆಲ ಒಮ್ಮೆ ತೊಯ್ದು ಉಬ್ಬಿದ ಮೇಲೆ ಕುಡಿಯುವುದು ಬಲು ನಿಧಾನ. ಆದುದರಿಂದಲೇ ಮಳೆ ಬಂದ ಸಂಜೆ ಅಂಡರ್‌ಪಾಸುಗಳು ತುಂಬಿ ಬೈಕುಗಳು ತೇಲುತ್ತವೆ. ಸುತ್ತುದಾರಿಯ ಒಳನೆಲವನ್ನು ಸುತ್ತಲಿನ ರಸ್ತೆಗಿಂತ ತಗ್ಗಿಸಿ, ಎಣ್ಣೆ ಮತ್ತು ಮರಳನ್ನು ಸೋಸುವ ಹುಲ್ಲುಗಾಲುವೆಯ ಮೂಲಕ ನೀರನ್ನು ಅಲ್ಲಿಗೆ ಬಿಟ್ಟರೆ ಅಂಡರ್‌ಪಾಸೂ ಉಳಿಯುತ್ತದೆ, ಗಿಡವೂ ಉಳಿಯುತ್ತದೆ. ಏರಿಯ ಇಳಿಜಾರಿಗೆ ಲಾವಂಚವನ್ನು ನೆಟ್ಟರೆ ಆಳಕ್ಕಿಳಿಯುವ ಅದರ ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಒಡ್ಡು ಕಟ್ಟಿ ನೀರು ತಿರುಗಿಸುವ ವಿದ್ಯೆ ದೇಶನೂರಿನ ಸೀಮೆಗೆ ಹೊಸದಲ್ಲ.

> ಎಸಳು ಸಂಧಿಯ ಹುಟ್ಟು
> ನಾಲ್ಕು ಎಸಳಿನ ಹೆದ್ದಾರಿ ಸಂಧಿಗೆ ಅಮೆರಿಕದ ಆರ್ಥರ್ ಹೇಲ್ 1916ರಲ್ಲಿ ಪೇಟೆಂಟ್ ಪಡೆದ. ಆ ದೇಶದಲ್ಲಿ ಅಂಥ ಮೊದಲ ಸಂಧಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ 1929ರಲ್ಲಿ ಸಿದ್ಧವಾಯಿತು. ಚೆನ್ನೈನ ಕತ್ತಿಪಾರ ಸಂಧಿ 2008ರಲ್ಲಿ ಸಂಚಾರಕ್ಕೆ ತೆರೆಯಿತು; 2021ರಲ್ಲಿ ಅದರ ಕೆಳಗಿನ ಜಾಗದಲ್ಲಿ ಬಸ್ ನಿಲುಗಡೆಯೂ ಜನರು ಕೂರುವ ಚೌಕವೂ ಬಂದವು. ಸ್ಪೇನಿನ ಬಾರ್ಸಿಲೋನ ನಗರ 1990ರ ದಶಕದ ಆರಂಭದಲ್ಲಿ ತ್ರಿನಿಟಾಟ್ ಎಂಬ ಹೆದ್ದಾರಿ ಸಂಧಿಯ ಒಳಗೇ ನೀರೂ ಮರಗಳೂ ಇರುವ ಉದ್ಯಾನವನ್ನು ಮಾಡಿತು.

ಅಶೋಕನ ದಾರಿಮರಗಳು

ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದೆ, ಮಾವಿನ ತೋಪುಗಳನ್ನು ಬೆಳೆಸಿದೆ, ಬಾವಿಗಳನ್ನು ತೋಡಿಸಿದೆ, ಪಶುಗಳೂ ಮನುಷ್ಯರೂ ಸುಖಪಡಲೆಂದು ಇದನ್ನು ಮಾಡಿದೆ ಎಂಬ ಅರ್ಥದ ಮಾತುಗಳನ್ನು ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಸಿದ್ದಾನೆ. ಆ ಸ್ತಂಭ ಇಂದು ದೂರದ ದೆಹಲಿಯಲ್ಲಿದೆ. ಆದರೆ ಅದೇ ಅರಸನ ಹೆಸರನ್ನು ಹೊತ್ತ ಬಂಡೆಗಳು ಈ ಹೆದ್ದಾರಿಯ ನೆರೆಯಲ್ಲಿಯೇ ಇವೆ. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಜಗತ್ತಿಗೆ ಮೊದಲು ಖಚಿತಪಡಿಸಿದ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ 150ಎ ಹಾದುಹೋಗುವ ಊರಿನದು. 1970ರ ದಶಕದ ಕೊನೆಯಲ್ಲಿ ಪತ್ತೆಯಾದ ನಿಟ್ಟೂರು, ಉಡೇಗೊಳದ ಶಾಸನಗಳು ಬಳ್ಳಾರಿ ಜಿಲ್ಲೆಯ ತುಂಗಭದ್ರೆಯ ಸೀಮೆಯವು, ಅವೂ ಅಶೋಕನ ಹೆಸರನ್ನು ಹೇಳುತ್ತವೆ. ನೆರಳನ್ನು ರಾಜಧರ್ಮವೆಂದು ತಿಳಿದವನ ಅಕ್ಷರಗಳು ಇಷ್ಟು ಸಮೀಪದಲ್ಲಿರುವಾಗ, ಈ ಸಂಧಿಗೆ ಯಾವ ಮರ ಬೇಕೆಂಬುದನ್ನು ನರ್ಸರಿಯ ದರಪಟ್ಟಿ ನೋಡಿ ನಿರ್ಧರಿಸುವುದು ತರವಲ್ಲ.

ವಿಮಾನನಿಲ್ದಾಣದ ದಾರಿಯಲ್ಲಿ ಕಂಡ ರಾಯಲ್ ಪಾಮ್ ಮರವನ್ನೇ ಎಲ್ಲ ಊರಿನವರೂ ಬಯಸುತ್ತಾರೆ. ಅದು ನೆಟ್ಟಗೆ ನಿಲ್ಲುತ್ತದೆ, ಚಿತ್ರದಲ್ಲಿ ಚೆಂದ ಕಾಣುತ್ತದೆ. ಬಳ್ಳಾರಿಯ ವೈಶಾಖದಲ್ಲಿ ಅದರ ಕೆಳಗೆ ನಿಂತವನ ತಲೆಗೆ ನೆರಳು ಸಿಗುವುದಿಲ್ಲ. ಹಾಸುಹುಲ್ಲಿನ ಮೈದಾನವೂ ಹಾಗೆಯೇ: ನಿತ್ಯ ನೀರು ಕೇಳುತ್ತದೆ, ಕುಡಿಯುವ ನೀರಿಗೆ ಜನರು ಕೊಡ ಹಿಡಿದು ಕಾಯುವ ಬೇಸಿಗೆಯಲ್ಲಿಯೂ ಕೇಳುತ್ತದೆ.

ಈ ಸೀಮೆಯಲ್ಲಿ ಎರಡು ನೆಲಗಳಿವೆ, ಎರೆ ಮತ್ತು ಮಸಾರಿ. ಎರಡಕ್ಕೂ ಒಂದೇ ಗಿಡವನ್ನು ನೆಡುವವನು ರೈತನಲ್ಲ. ಎರೆಗೆ ಕರಿಜಾಲಿ ಒಗ್ಗುತ್ತದೆ. ನೀರು ಹಾಯುವ ತಗ್ಗಿನ ಅಂಚಿಗೆ ಹೊಂಗೆ. ಮಸಾರಿಗೆ ಬೇವು, ಹುಣಸೆ, ತಪಸಿ. ಕಲ್ಲುನೆಲಕ್ಕೆ ಕಮರ, ನಿಧಾನವಾಗಿ ಬೆಳೆದು ತಲೆಮಾರುಗಳ ಕಾಲ ನಿಲ್ಲುವ ಮರ. ಲಾಲ್‌ಬಾಗಿನ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಕ್ರಮವನ್ನು ಹೂಡಿದವರು. ಬಳ್ಳಾರಿಗೂ ಅಂಥ ಕ್ರಮ ಸಾಧ್ಯ: ಮಾಘ-ಫಾಲ್ಗುಣಗಳಲ್ಲಿ ಮುತ್ತುಗದ ಕೆಂಪು, ಯುಗಾದಿಗೆ ಬೇವಿನ ಹೂವು, ವೈಶಾಖದ ಉರಿಯಲ್ಲಿ ಕಕ್ಕೆಯ ಹಳದಿ, ಮಳೆ ಹಿಂದೆಗೆದ ಮೇಲೆ ತಂಗಡಿ. ಇವುಗಳಲ್ಲಿ ಒಂದಾದರೂ ಹೊರದೇಶದಿಂದ ತರಬೇಕಾದದ್ದಲ್ಲ.

> ಬಳ್ಳಾರಿ ಜಾಲಿ
> ಪ್ರೊಸೋಪಿಸ್ ಜೂಲಿಫ್ಲೋರ ಎಂಬ ಈ ಮುಳ್ಳುಗಿಡ ಅಮೆರಿಕ ಖಂಡದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಗೆಂದು ಮದ್ರಾಸ್ ಪ್ರಾಂತಕ್ಕೆ ತರಲಾಯಿತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಆ ಪ್ರಾಂತದ ಭಾಗವೇ ಆಗಿತ್ತು. ಕಾಯಿ ತಿಂದ ಜಾನುವಾರುಗಳ ಸೆಗಣಿಯಲ್ಲಿ ಬೀಜ ಹರಡಿ, ಕಾಲುವೆಯ ಏರಿ, ಹಳ್ಳದ ದಂಡೆ, ರಸ್ತೆಯ ಅಂಚುಗಳನ್ನೆಲ್ಲ ಅದು ಆಕ್ರಮಿಸಿದೆ. ತಿರುವುಗಳಲ್ಲಿ ಚಾಲಕರ ನೋಟವನ್ನು ಮುಚ್ಚುವುದೂ ಬಹುಮಟ್ಟಿಗೆ ಇದೇ.

ಕಲ್ಲನ್ನು ಎಲ್ಲಿಂದ ತರುವುದು?

ಬಳ್ಳಾರಿಯ ಭೂದೃಶ್ಯದ ಆತ್ಮವಿರುವುದು ಬಂಡೆಯಲ್ಲಿ. ಒಂದರ ಮೇಲೊಂದು ಇರಿಸಿದಂತೆ ತೋರುವ ಉರುಟು ಬಂಡೆಗಳ ಗುಡ್ಡಗಳನ್ನು ಕಂಡೊಡನೆ ಊರು ಬಂತೆಂದು ಬಸ್ಸಿನಲ್ಲಿ ನಿದ್ದೆಹೋದವರೂ ಎಚ್ಚರಗೊಳ್ಳುತ್ತಾರೆ. ಸಂಗನಕಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಕಪ್ಪಗಲ್ಲಿನಲ್ಲಿ ಅವರು ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳೂ ಮನುಷ್ಯರೂ ಇದ್ದಾರೆ, ತಟ್ಟಿದರೆ ದನಿಗೊಡುವ ಕಲ್ಲುಗಳೂ ಇವೆ. ಹೆದ್ದಾರಿಯ ಮೇಲಿನ ತೆಕ್ಕಲಕೋಟೆಯೂ ನವಶಿಲಾಯುಗದ ನೆಲೆಯೇ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು.

ಕಪ್ಪಗಲ್ಲಿನ ಆ ಚಿತ್ರಗಳಿಗೆ ದೊಡ್ಡ ಅಪಾಯ ತಂದದ್ದು ಕಲ್ಲುಗಣಿ. ಈ ಸಂಗತಿ ಹೆದ್ದಾರಿಯ ವಿನ್ಯಾಸಕಾರನಿಗೆ ನೇರವಾಗಿ ಸಂಬಂಧಿಸಿದ್ದು. ಏಕೆಂದರೆ ರಸ್ತೆಗೆ ಜಲ್ಲಿ ಬೇಕು, ಜಲ್ಲಿಗೆ ಗುಡ್ಡ ಬೇಕು. ಯಾವ ಗುಡ್ಡದ ನೋಟವೇ ಊರಿಗೆ ಮಹಾದ್ವಾರವಾಗಿದೆಯೋ ಅದನ್ನೇ ಪುಡಿಮಾಡಿ ರಸ್ತೆಗೆ ಹಾಸಿ, ಆಮೇಲೆ ಅದರ ಮೇಲೆ ಫೈಬರಿನ ಬಂಡೆಯನ್ನು ಅಲಂಕಾರಕ್ಕಿಡುವ ಕೆಲಸವನ್ನು ನೆನೆದರೆ ನೋವಾಗುತ್ತದೆ. ಸಂಧಿಯ ಸುತ್ತಲಿನ ಯಾವ ಗುಡ್ಡಗಳನ್ನು ಮುಟ್ಟಬಾರದೆಂಬ ಪಟ್ಟಿ, ರಸ್ತೆಯ ನಕ್ಷೆಗಿಂತ ಮೊದಲು ಸಿದ್ಧವಾಗಬೇಕು. ನೆಲ ಅಗೆಯುವಾಗ ಸಿಕ್ಕ ಬಂಡೆಗಳನ್ನು ಸಿಡಿಸದೆ ಪಕ್ಕಕ್ಕಿಟ್ಟು ಸುತ್ತುದಾರಿಯ ಒಳಗೆ ನಿಲ್ಲಿಸಬಹುದು. ಮೂರ್ತಿಗಳ ಖರ್ಚೂ ಉಳಿಯುತ್ತದೆ.

ಅದಿರಿನ ಲಾರಿಗಳ ಕಾಲವನ್ನು ಕಂಡವರಿಗೆ ಈ ಕಾಳಜಿ ಅತಿಯೆನಿಸಲಾರದು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂದು, ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸುವವರೆಗೂ ಹೊಸಪೇಟೆ ಸಂಡೂರುಗಳ ದಾರಿಮರಗಳು ಎಲೆಯ ಬಣ್ಣವನ್ನೇ ಮರೆತಂತೆ ಕೆಂಪಾಗಿ ನಿಂತಿದ್ದವು.

ಹೆಬ್ಬಾಳದ ಸಾಕ್ಷ್ಯ

ಕರ್ನಾಟಕದಲ್ಲಿ ಅತ್ಯಂತ ಹೆಚ್ಚು ಜನ ಬಲ್ಲ ಹೆದ್ದಾರಿ ಸಂಧಿ ಬೆಂಗಳೂರಿನ ಹೆಬ್ಬಾಳದ್ದು. 2003ರಲ್ಲಿ ಮೇಲ್ಸೇತುವೆ ತೆರೆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಆರಂಭವಾದೊಡನೆ ಅದು ರಾಜಧಾನಿಯ ಹೆಬ್ಬಾಗಿಲಾಯಿತು. ಒಂದು ಬದಿಗೆ ಹೆಬ್ಬಾಳದ ಕೆರೆ. ನಗರದ ಕಡೆಗೆ ಸ್ವಲ್ಪ ಬಂದರೆ ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲೊಂದು. ಹಳೆಯ ಎಲ್ಲೆಯ ಗುರುತೂ ಹೊಸ ಬಾಗಿಲೂ ಇಷ್ಟು ಸಮೀಪದಲ್ಲಿರುವುದು ಅಪರೂಪ. ಆದರೂ ಸುತ್ತುದಾರಿಯಲ್ಲಿ ಸಿಕ್ಕಿ ನಿಂತ ಪ್ರಯಾಣಿಕನಿಗೆ ಗೋಪುರದ ಸುಳಿವಿಲ್ಲ, ಕೆರೆ ಒಂದು ಕ್ಷಣ ಮಿಂಚಿ ಮರೆಯಾಗುತ್ತದೆ, ಬಸ್ಸಿಗಾಗಿ ಕಾಯುವವನು ದಟ್ಟ ಸಂಚಾರವನ್ನು ಸೀಳಿ ದಾಟಬೇಕು.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಂತು, ಸುಮಾರು ಕ್ರಿ.ಶ. 750ರ ಕನ್ನಡ ಶಾಸನದೊಡನೆ. ಗಂಗರ ಕಾಲದಲ್ಲಿ ತನ್ನ ಸೀಮೆಯನ್ನು ಕಾಯುತ್ತ ಮಡಿದವನ ಕಲ್ಲದು. ಶಾಸನಗಳ ಆಸಕ್ತರೂ ನಾಗರಿಕರೂ ಕೂಡಿ ಅದಕ್ಕೊಂದು ಕಲ್ಲಿನ ಮಂಟಪವನ್ನು ಕಟ್ಟಿಸಿದರು. ಕೋಟ್ಯಂತರ ರೂಪಾಯಿಗಳ ಮೇಲ್ಸೇತುವೆಗಿಂತ ಆ ಪುಟ್ಟ ಮಂಟಪ, ಹೆಬ್ಬಾಳವೆಂಬ ಊರು ಇಲ್ಲಿದೆಯೆಂದು ಹೇಳುವ ಬಾಗಿಲಿನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆಯೆಂದು ನನ್ನ ನಂಬಿಕೆ.

ಕಮಾನು, ಅಕ್ಷರ, ಅಡ್ಡದಾರಿ

ಇಷ್ಟಾದ ಮೇಲೂ ಸ್ವಾಗತ ಕಮಾನು ಬೇಕೆನ್ನುವವರಿರುತ್ತಾರೆ. ಅವರ ಅಭಿಮಾನ ಗೌರವಕ್ಕೆ ಅರ್ಹ. ಕಮಾನನ್ನು ಹೆದ್ದಾರಿಯ ಮೇಲಲ್ಲದೆ ಸರ್ವಿಸ್ ರಸ್ತೆಯಿಂದ ಊರೊಳಕ್ಕೆ ತಿರುಗುವಲ್ಲಿ ಕಟ್ಟಲಿ. ಹೆದ್ದಾರಿಯಲ್ಲಿ ಅದರ ಕಂಬಗಳು ದಾರಿ ತಪ್ಪಿದ ವಾಹನಕ್ಕೆ ಬಂಡೆಗಳಾಗುತ್ತವೆ, 5.5 ಮೀಟರು ಎತ್ತರದ ತೆರವನ್ನು ಬಿಟ್ಟು ಕಟ್ಟಿದರೂ, ಮುಂದೆ ರಸ್ತೆಗೆ ಡಾಂಬರಿನ ಪದರಗಳು ಏರಿದಂತೆ ತೆರವು ಇಳಿಯುತ್ತದೆ, ಹುಲ್ಲು ಹೇರಿದ ಟ್ರ್ಯಾಕ್ಟರಿನವನಿಗೆ ಅದು ದಿನವೂ ಸಂಕಟ.

ಫಲಕಗಳ ಅಕ್ಷರಗಳನ್ನು ಕುರಿತು ಒಂದು ಮಾತು. ಸಿರುಗುಪ್ಪ, ಬಳ್ಳಾರಿ, ತೆಕ್ಕಲಕೋಟೆ: ಈ ಹೆಸರುಗಳಲ್ಲೆಲ್ಲ ಒತ್ತಕ್ಷರಗಳಿವೆ. ರೋಮನ್ ಲಿಪಿಗೆ ಸಾಕಾಗುವ ಪಟ್ಟಿಯೊಳಗೆ ಕನ್ನಡವನ್ನು ತುರುಕಿದರೆ ಒತ್ತುಗಳು ಕುಗ್ಗಿ ದೂರದಿಂದ ಗೆರೆಗಳಾಗಿ ಕಾಣುತ್ತವೆ. ಫಲಕದ ಎತ್ತರವನ್ನು ಕನ್ನಡದ ಅಕ್ಷರವನ್ನೇ ಅಳತೆಯಾಗಿಟ್ಟುಕೊಂಡು ನಿರ್ಧರಿಸಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ಬೃಹದ್ ನಂದಿಯನ್ನು ನೋಡಲು ಬರುವವರಿಗೆ ಎಲ್ಲಿ ತಿರುಗಬೇಕೆಂಬುದು ತಿರುವಿಗೆ ಬಹಳ ಮೊದಲೇ ತಿಳಿಯಬೇಕು.

ಕೊನೆಯದಾಗಿ, ನಡೆಯುವವರು. ತೇರಿಗೆ ಹೋಗುವವರು, ಗದ್ದೆಗೆ ನಾಟಿಗೆ ಹೋಗುವ ಹೆಂಗಸರು, ಶಾಲೆಯ ಮಕ್ಕಳು, ಕುರಿಯ ಹಿಂಡು, ಇವರಿಗೆ ಅಂಡರ್‌ಪಾಸು ಅವರ ನಿತ್ಯದ ದಾರಿಯ ನೇರದಲ್ಲಿಯೇ ಇರಬೇಕು. ಅರ್ಧ ಮೈಲಿ ಸುತ್ತಿ ಬರುವ ಸೌಕರ್ಯವನ್ನು ಬಿಸಿಲು ಬಳಸಗೊಡುವುದಿಲ್ಲ, ಜನ ಡಿವೈಡರನ್ನೇ ದಾಟುತ್ತಾರೆ. ಅದರ ಬಾಯಲ್ಲಿ ಒಂದು ಕಟ್ಟೆ, ಒಂದು ಬೇವು, ಒಂದು ನಲ್ಲಿ, ದನಕರುಗಳಿಗೊಂದು ನೀರಿನ ತೊಟ್ಟಿ ಇದ್ದರೆ ಅಗಸಿಯ ಹಳೆಯ ಕರ್ತವ್ಯಗಳು ಬಹುಮಟ್ಟಿಗೆ ನೆರವೇರಿದಂತೆ.

ಮೂರು ಬೇಸಿಗೆಗಳು

ಹಣದ ಮಾತಿಗೆ ಬಂದರೆ, 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಯೋಜನೆಯ ಒಟ್ಟು ವೆಚ್ಚದ ಶೇಕಡ 1ರಷ್ಟನ್ನು ಗಿಡ ನೆಡುವುದಕ್ಕೂ ಅವುಗಳ ಪಾಲನೆಗೂ ತೆಗೆದಿಡಬೇಕು. ನೂರು ಕೋಟಿಯ ಕಾಮಗಾರಿಗೆ ಒಂದು ಕೋಟಿ; ಅಲ್ಪವಾದ ಮೊತ್ತವೇನಲ್ಲ. ಕೊರತೆ ಕಾಣುವುದು ನೆಟ್ಟ ಮೇಲೆ. ಪ್ರತಿ ಜುಲೈನಲ್ಲಿ, 1950ರಲ್ಲಿ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವದ ವಾರದಲ್ಲಿ, ಸಸಿಗಳು ಸಂಭ್ರಮದಿಂದ ನೆಲ ಸೇರುತ್ತವೆ. ಮಾರ್ಚ್ ಬರುವ ಹೊತ್ತಿಗೆ ಬಿದಿರಿನ ಬುಟ್ಟಿಯ ಬೇಲಿ ಮಾತ್ರ ನಿಂತಿರುವುದನ್ನು ಎಲ್ಲ ಊರಿನವರೂ ಕಂಡಿದ್ದಾರೆ.

ಮಾಗಡಿ ಸೀಮೆಯ ಹುಲಿಕಲ್ಲು ಮತ್ತು ಕುದೂರುಗಳ ನಡುವೆ ಸಾಲುಮರದ ತಿಮ್ಮಕ್ಕನೂ ಅವರ ಪತಿ ಚಿಕ್ಕಯ್ಯನವರೂ ಬೆಳೆಸಿದ 385 ಆಲದ ಮರಗಳು ಉಳಿದದ್ದು ಕೊಡದಲ್ಲಿ ನೀರು ಹೊತ್ತು ಎರೆದುದರಿಂದ, ದನಕ್ಕೆ ಸಿಕ್ಕದಂತೆ ಮುಳ್ಳು ಕಟ್ಟಿದುದರಿಂದ. 2019ರಲ್ಲಿ ರಸ್ತೆ ಅಗಲಮಾಡುವ ಯೋಜನೆ ಆ ಮರಗಳ ಕಡೆಗೇ ಬಂದಾಗ ಶತಾಯುಷಿಯಾದ ಆಕೆ ಮುಖ್ಯಮಂತ್ರಿಗಳವರೆಗೆ ಹೋಗಿ ಅವುಗಳಿಗಾಗಿ ಬೇಡಬೇಕಾಯಿತು.

ಬಳ್ಳಾರಿಯ ಸಂಧಿಗೆ ಗಿಡ ನೆಡುವ ಟೆಂಡರಿನಲ್ಲಿ ಎಷ್ಟು ಸಸಿ ನೆಟ್ಟರೆಂಬುದಕ್ಕೆ ಹಣ ಕೊಡುವ ಬದಲು, ಮೂರನೆಯ ಬೇಸಿಗೆ ಕಳೆದ ಮೇಲೆ ಎಷ್ಟು ಬದುಕಿವೆಯೆಂದು ಎಣಿಸಿ ಕೊಡುವ ಷರತ್ತನ್ನು ಬರೆಯಬಹುದು. ನೀರೆರೆಯುವ ಕೆಲಸವನ್ನು ದೂರದ ಗುತ್ತಿಗೆದಾರನಿಗೆ ಒಪ್ಪಿಸುವುದಕ್ಕಿಂತ ಸಂಧಿಯ ಸುತ್ತಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಿಗೆ ಕೂಲಿ ಸಹಿತ ವಹಿಸಬಹುದು. ಭೂಮಿ ಬಿಟ್ಟುಕೊಟ್ಟ ಮನೆಗಳಿಗೆ ಅದರಲ್ಲಿ ಮೊದಲ ಪಾಲು ಸಲ್ಲಬೇಕು. ಸಸಿಗಳು ರಸ್ತೆಗಿಂತ ಎರಡು ವರ್ಷ ಮೊದಲೇ ನರ್ಸರಿಯಲ್ಲಿ ಎದ್ದು ನಿಂತಿರಬೇಕಾದುದರಿಂದ, ಬೇವಿನ ಹಣ್ಣು ಉದುರುವ ಈ ಮಳೆಗಾಲದ ಆರಂಭದಲ್ಲಿಯೇ ಬೀಜವನ್ನು ಆರಿಸಿಡಬೇಕು. ಬೇವಿನ ಬೀಜ ಬಹುಕಾಲ ಇಟ್ಟರೆ ಮೊಳೆಯುವುದಿಲ್ಲ.